ಕಾರಿನ ತೂತು, ಕಂಡವರ ಬಾಯಿ

ಕಾರಿನ ಮೈಯಲ್ಲಿ ಬಿದ್ದ ತೂತು ಮುಚ್ಚುವುದು ಅಂಥ ದೊಡ್ಡ ಕೆಲಸವೇನಲ್ಲ. ಒಬ್ಬ ಹೆಂಗಸು ಅದನ್ನು ಮುಚ್ಚುತ್ತಿದ್ದಾಳೆ ಎಂದು ಕಂಡವರು ಬಾಯಿ ತೆರೆಯುತ್ತಾರಲ್ಲ, ಅದನ್ನು ಮುಚ್ಚಿಸುವುದೇ ಕಷ್ಟ. ಶಿವಾಜಿನಗರದ ಗ್ಯಾರೇಜೊಂದರಲ್ಲಿ ಹದಿನೈದು ವರ್ಷ ಈ ಎರಡೂ ಕೆಲಸ ಮಾಡಿದ್ದೇನೆ. ಮೊದಲನೆಯದಕ್ಕೆ ಸಂಬಳ ಇತ್ತು. ಎರಡನೆಯದನ್ನು ಖುಷಿಗೆ ಮಾಡುತ್ತಿದ್ದೆ.

ರೊಟ್ಟಿ ಅಲ್ಲ

ನಾವು ರಾಯಚೂರು ಕಡೆಯವರು. ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಬಂದೆವು. ನನ್ನ ಗಂಡ ಟಿಂಕರ್, ಅಂದರೆ ಜಜ್ಜಿಹೋದ ಕಾರಿನ ತಗಡನ್ನು ತಟ್ಟಿ ನೇರ ಮಾಡುವವನು. ತುಕ್ಕು ತಿಂದ ಕಡೆ ತಗಡಿನ ತುಂಡು ಇಟ್ಟು ವೆಲ್ಡ್ ಮಾಡುತ್ತಿದ್ದ. ಅದರ ಮೇಲೆ ತಗ್ಗು ತುಂಬುವ ಪುಟ್ಟಿ ಬಳಿದು, ಎಮರಿ ಪೇಪರಿನಲ್ಲಿ ತಿಕ್ಕಿ ನುಣ್ಣಗೆ ಮಾಡಲು ಬೇರೊಬ್ಬನಿದ್ದ. ಆಮೇಲೆ ಪೇಂಟರ್ ಕೆಲಸ.

ಒಂದು ಮಧ್ಯಾಹ್ನ ಗಂಡನಿಗೆ ಬುತ್ತಿ ಕೊಡಲು ಹೋದೆ. ಪುಟ್ಟಿಯವನು ಮಾಲೀಕರ ಜೊತೆ ಜಗಳವಾಡಿ ಎದ್ದು ಹೋಗಿದ್ದ. ಮಾಲೀಕರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು. ನಾಡಿದ್ದು ಮದುವೆಗೆ ಹೋಗಬೇಕಾದ ಅಂಬಾಸಿಡರ್ ಬಾಗಿಲ ತುಂಬ ತೂತು, ಗಾಯ ಇಟ್ಟುಕೊಂಡು ನಿಂತಿತ್ತು. ಭಾಯ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ನಾ ಮಾಡ್ತೀನ್ರೀ," ಅಂದೆ.

ಭಾಯ್ ನಕ್ಕರು. "ಅರೇ ಅಮ್ಮಾ, ಇದು ರೊಟ್ಟಿ ತಟ್ಟೋದಲ್ಲ."

"ಅದು ನನಗೂ ಕಾಣ್ತದ್ರೀ. ನಿಮ್ಮವ ಬಳಿದಿದ್ದು ರೊಟ್ಟಿಗಿಂತ ದಪ್ಪ ಅದ."

ಸೆರಗು ಸಿಕ್ಕಿಸಿ ಕೂತೆ. ಪುಟ್ಟಿ ಗಟ್ಟಿಯಾಗಲು ಅದಕ್ಕೆ ಟ್ಯೂಬಿನಿಂದ ಹಾರ್ಡ್ನರ್ ಹಿಂಡಿ ಬೆರೆಸಬೇಕು. ಕಡಲೆಕಾಳಿನಷ್ಟು ಸಾಕು. ನಾನು ಸಾರಿಗೆ ಹುಣಸೆಹಣ್ಣು ಹಿಂಡಿದ ಹಾಗೆ ಹಿಂಡಿದೆ. ಎರಡು ಸಲ ಕಲಸುವಷ್ಟರಲ್ಲಿ ಪುಟ್ಟಿ ಕಲ್ಲಾಗಿ, ಬಳಿಯುವ ಪಟ್ಟಿ ಅದರಲ್ಲೇ ನೆಟ್ಟಗೆ ನಿಂತಿತು. ಇಡೀ ಗ್ಯಾರೇಜು ಹೊಟ್ಟೆ ಹಿಡಿದು ನಕ್ಕಿತು. ನಗಲಿ ಅಂತ ಬಿಟ್ಟು ಇನ್ನೊಂದಿಷ್ಟು ಕಲಸಿದೆ. ಮನೆ ಗೋಡೆಗೆ ಮಣ್ಣು ಮೆತ್ತಿ ಬೆಳೆದ ಕೈ. ತೆಳ್ಳಗೆ ಬಳಿದೆ, ತಿಕ್ಕಿದೆ, ಮತ್ತೆ ಬಳಿದೆ. ಸಂಜೆ ಪೇಂಟರ್ ಪ್ರೈಮರ್ ಎಂಬ ಬೂದು ಅಡಿಬಣ್ಣ ಹೊಡೆದ ಮೇಲೆ ಭಾಯ್ ಬಾಗಿಲ ಮೇಲೆ ಅಂಗೈ ಆಡಿಸಿದರು. ಇನ್ನೊಮ್ಮೆ ಆಡಿಸಿದರು.

"ತೂತು ಎಲ್ಲಿತ್ತಮ್ಮಾ?"

"ನೀವೇ ಹುಡುಕ್ರಿ. ಸಿಕ್ಕರ ನಾಳಿಂದ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಎಂಟಕ್ಕೇ ಹೋದೆ. ಭಾಯ್ ಬಿಸಿಲಲ್ಲಿ ಕಾರಿಗೆ ಬಾಗಿ ಇನ್ನೂ ಹುಡುಕುತ್ತಿದ್ದರು.

ಸೊಟ್ಟ ತೆಗೆಯುವವರು

ಓಣಿಯ ಬೇರೆ ಗ್ಯಾರೇಜಿನವರಿಗೆ ನಾನು ಕಣ್ಣಲ್ಲಿ ಬಿದ್ದ ಕಸ. ನನ್ನೆದುರು ಆಡಲು ಧೈರ್ಯವಿಲ್ಲದೆ ಗಂಡನನ್ನು ಟೀ ಅಂಗಡಿಯಲ್ಲಿ ಹಿಡಿಯುತ್ತಿದ್ದರು. ಒಬ್ಬ ಕೇಳಿಯೇಬಿಟ್ಟ. "ಏನ್ ಗುರು, ಹೆಂಡ್ತೀನ ಗ್ಯಾರೇಜಿಗೆ ಕೂರಿಸಿದ್ದೀಯ. ನಾಚ್ಕೆ ಆಗಲ್ವಾ?"

ನನ್ನ ಗಂಡ ದಿನಕ್ಕೆ ಮೂರು ಮಾತಿನ ಆಸಾಮಿ. ಅವತ್ತು ಮೂರನ್ನೂ ಒಟ್ಟಿಗೆ ಖರ್ಚು ಮಾಡಿದ. "ನಾ ತಟ್ಟಿದ ಮ್ಯಾಲೆ ಉಳಿದ ಸೊಟ್ಟ ಆಕಿ ತೆಗೀತಾಳ. ಮನ್ಯಾಗೂ ಹಂಗೇ ನಡದದ. ನಿಮ್ಮ ಸೊಟ್ಟ ಯಾರು ತೆಗೀತಾರ?"

ಕೇಳಿದವನು ಟೀ ಆರಿಹೋಯಿತು ಎಂದು ಎದ್ದು ಹೋದ. ಗ್ಲಾಸಿನಿಂದ ಇನ್ನೂ ಹಬೆ ಏಳುತ್ತಿತ್ತು.

ಅಯಸ್ಕಾಂತ

ಜೀವನ್ ಬಿಮಾ ನಗರದಿಂದ ಒಬ್ಬ ಆಫೀಸಿನ ಸಾರ್ ಕಾರು ತಂದರು. ಬಾಗಿಲ ಕೆಳಗೆ ತುಕ್ಕಿನ ತೂತು. "ತಗಡು ಹಾಕಿ. ಬರೀ ಪುಟ್ಟಿ ಮೆತ್ತಿದ್ರೆ ನನಗೆ ಗೊತ್ತಾಗುತ್ತೆ," ಎಂದು ಮೊದಲೇ ಎಚ್ಚರಿಸಿದರು. ಗಂಡ ತಗಡು ಹಾಕಿದ, ನಾನು ಮೇಲೆ ಉಗುರಿನಷ್ಟು ತೆಳ್ಳಗೆ ಪುಟ್ಟಿ ಎಳೆದೆ, ಬಣ್ಣವೂ ಆಯಿತು.

ಕಾರು ಒಯ್ಯಲು ಬಂದ ಸಾರ್ ಕರವಸ್ತ್ರದ ಗಂಟಿನಿಂದ ಒಂದು ಅಯಸ್ಕಾಂತ ತೆಗೆದರು. ಕಬ್ಬಿಣಕ್ಕಾದರೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಅದನ್ನು ಕಾರಿನ ಮುಂದುಗಡೆ ಇಟ್ಟರು. ಟಪ್ ಅಂತ ಬಿತ್ತು. ಅಲ್ಲೇ ಕೊಂಚ ಪಕ್ಕಕ್ಕಿಟ್ಟರು, ಬಿತ್ತು.

"ಮೋಸ! ಈ ಕಡೆಯಿಂದ ಆ ಕಡೆಗೆ ಬರೀ ಪುಟ್ಟಿ! ಹೆಂಗಸರನ್ನ ಕೆಲಸಕ್ಕೆ ಇಟ್ಕೊಂಡ್ರೆ ಹೀಗೇ ಆಗೋದು!"

"ಸಾರ್, ಅದು ಬಂಪರ್ರೀ. ಪ್ಲಾಸ್ಟಿಕ್," ಅಂದೆ.

ಪೇಂಟರ್ ಕೆಮ್ಮಿದ. ಸಾರ್ ಸೋಲಲಿಲ್ಲ. ನೇರ ಬಾಗಿಲಿಗೆ ಹೋಗಿ ಅಯಸ್ಕಾಂತ ಒತ್ತಿದರು. ಅದು ಗಬಕ್ಕನೆ ಕಚ್ಚಿಕೊಂಡಿತು. ಎಳೆದರೆ ಬರಲಿಲ್ಲ. ಜೋರಾಗಿ ಎಳೆದಾಗ ಜಾರಿ, ಹೊಸ ಬಣ್ಣದ ಮೇಲೆ ಗೇಣುದ್ದ ಗೀರು ಎಳೆಯಿತು.

ಸಾರ್ ಗೀರು ನೋಡಿದರು. ನನ್ನನ್ನು ನೋಡಿದರು. ದನಿ ಇಳಿಯಿತು. "ಇದಕ್ಕೆ ಈಗ ಏನ್ಮಾಡೋದಮ್ಮಾ?"

"ಸ್ವಲ್ಪ ಪುಟ್ಟಿ ಬೇಕಾಗ್ತದ್ರೀ."

ಅಜ್ಜಿ

ಆಮೇಲೆ ನಾವು ಕೆ.ಆರ್. ಪುರಂನಲ್ಲಿ ಬಾಡಿಗೆ ಮನೆ ಹಿಡಿದೆವು. ದಿನವಿಡೀ ಪುಟ್ಟಿ ತಿಕ್ಕಿದರೆ ತಲೆ, ಹುಬ್ಬು ಎಲ್ಲ ಬೆಳ್ಳಗೆ ಪುಡಿ. ಒಂದು ಸಂಜೆ ಶಿವಾಜಿನಗರದಲ್ಲಿ ಹಾಗೇ ಬಸ್ಸು ಹತ್ತಿದೆ. ಒಬ್ಬ ಗಂಡಸು ಎದ್ದು, "ಕೂತ್ಕೊಳ್ಳಿ ಅಜ್ಜಿ," ಅಂದ. ನನಗಾಗ ಮೂವತ್ತೆರಡು. ಬೆಳಿಗ್ಗೆಯಿಂದ ನಿಂತ ಕಾಲು. ಕೂತೆ.

ಹಲಸೂರು ಬರುವಷ್ಟರಲ್ಲಿ ಸೆಕೆ ತಡೆಯದೆ ಸೆರಗಿನಿಂದ ಮುಖ, ತಲೆ ಒರೆಸಿಕೊಂಡೆ. ಅವನು ಬಗ್ಗಿ ನೋಡಿದ. "ಇಲ್ಲಿ ಒಬ್ಬರು ಅಜ್ಜಿ ಕೂತಿದ್ರಲ್ಲ?"

"ಅಜ್ಜಿ ಇಳಿದ್ಲಣ್ಣಾ," ಅಂದೆ. "ನಾ ಮೊಮ್ಮಗಳು."

ಸಾಹೇಬರ ಬಾಗಿಲು

ಹಲಸೂರು ಕೆರೆಯ ಹತ್ತಿರ ರಿಟೈರಾದ ಮಿಲಿಟರಿ ಸಾಹೇಬರೊಬ್ಬರಿದ್ದರು. ಅವರು ಮೆಚ್ಚಿದರೆ ಹತ್ತು ಸ್ನೇಹಿತರ ಕಾರು ಬರುತ್ತದೆ ಎಂದು ಭಾಯ್‌ಗೆ ಆಸೆ. ಸಾಹೇಬರು ಕಾರು ರಿಪೇರಿಗೆ ತರುವ ದಿನ ಭಾಯ್ ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡರು. "ಅಮ್ಮಾ, ಅವರು ಸ್ವಲ್ಪ ಹಳೇ ಕಾಲದವರು. ಒಂದು ಗಂಟೆ ಹಿಂದೆ ಕೂತ್ಕೋ. ನಿನ್ನ ಗಂಡ ಮುಂದೆ ನಿಲ್ಲಲಿ."

"ತೂತು ಮುಚ್ಚೋದು ನನ್ನ ಕೆಲಸ್ರಿ ಭಾಯ್. ನನ್ನ ಮುಚ್ಚಿಡೋದು ಯಾರ ಕೆಲಸಾನೂ ಅಲ್ಲ." ಗ್ಯಾರೇಜಿನ ಬಾಗಿಲಲ್ಲೇ ನಿಂತೆ.

ಸಾಹೇಬರು ಕಾರಿನಿಂದ ಇಳಿದರು. ಮೇಡಂ ಒಳಗೇ ಕೂತಿದ್ದರು. ಪುಟ್ಟಿ ಕೆಲಸ ನನ್ನದು ಎಂದು ಕೇಳಿದ್ದೇ ತಡ, ಸಾಹೇಬರ ಮೀಸೆ ನಿಮಿರಿತು. "ನೋ ಚಾನ್ಸ್! ಲೇಡೀಸ್‌ಗೆ ಕಾರು ಓಡಿಸೋಕೇ ಬರಲ್ಲ, ರಿಪೇರಿ ಮಾಡ್ತಾರಾ?"

ಭಾಯ್ ಮುಖ ಬಾಡಿತು. ನಾನು ಮುಂದೆ ಬಂದು ಹೇಳಿದೆ. "ಸಾಹೇಬ್ರ, ನನ್ನ ಕಣ್ಣಿಗೆ ಬಟ್ಟಿ ಕಟ್ರಿ. ನಿಮ್ಮ ಕಾರಿಗೆ ಎಲ್ಲೆಲ್ಲಿ ಪುಟ್ಟಿ ಬಿದ್ದದ, ಬರೀ ಕೈಲೆ ಹೇಳ್ತೀನಿ. ಒಂದು ತಪ್ಪಿದ್ರೂ ಇವತ್ತೇ ಕೆಲಸ ಬಿಡ್ತೀನಿ."

ಅವರೇ ಕರವಸ್ತ್ರ ಕಟ್ಟಿದರು. ಕಾರಿನ ಸುತ್ತ ಅಂಗೈ ಆಡಿಸುತ್ತ ಹೊರಟೆ. "ಮುಂದಿನ ಮಡ್ಗಾರ್ಡ್, ಇಲ್ಲಿ."

"ಹೂಂ. ಹಾಲಿನ ವ್ಯಾನ್ ಗುದ್ದಿತ್ತು."

"ಹಿಂದಿನ ಎಡ ಬಾಗಿಲು. ಚಲೋ ಕೆಲಸ ಆಗೇದ, ಆದ್ರ ಪುಟ್ಟಿ ಅದ."

ಸಾಹೇಬರು ಚಪ್ಪಾಳೆ ತಟ್ಟಿದರು. "ತಪ್ಪು! ಶೋರೂಮಿಂದ ಹೊಸದನ್ನೇ ತಗೊಂಡವನು ನಾನು, ಓಡಿಸೋನು ನಾನೊಬ್ಬನೇ. ಆ ಬಾಗಿಲಿಗೆ ಯಾವತ್ತೂ ಏನೂ ಆಗಿಲ್ಲ!"

ಕಾರಿನ ಒಳಗಿಂದ ಸಣ್ಣ ದನಿ ಬಂತು. "ರೀ... ಆಗಿತ್ತು. ನೀವು ದೆಹಲಿಗೆ ಹೋಗಿದ್ರಲ್ಲ, ಆವಾಗ. ನಮ್ಮ ಗೇಟಿಗೆ ತಾಗಿತು."

"ನಿನಗೆ ಡ್ರೈವಿಂಗ್ ಬರುತ್ತಾ?"

"ಬರುತ್ತೆ. ಗೇಟೇ ಚಿಕ್ಕದು."

ಸಾಹೇಬರು ಕೀಲಿಯನ್ನು ತಾವೇ ನನ್ನ ಕೈಗೆ ಕೊಟ್ಟು, ಹಿಂದೆ ನೋಡದೆ ಆಟೋ ಹತ್ತಿದರು. ಮೇಡಂ ಕಾರಿನಿಂದ ಇಳಿದು ಅವರ ಹಿಂದೆಯೇ ಹತ್ತಿದರು.

ನಾಲ್ಕು ತಿಂಗಳ ಮೇಲೆ ಅವರೊಬ್ಬರೇ ಬಂದರು. ಆಚೆ ಈಚೆ ನೋಡಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದರು. "ಅಮ್ಮಾ, ಗೇಟಿಗೆ ಗುದ್ದಿಬಿಟ್ಟೆ. ನಾಳೆ ಮೇಡಂ ತವರಿಂದ ಬರ್ತಾರೆ. ಅಷ್ಟರೊಳಗೆ ಬಾಗಿಲು ಸರಿ ಮಾಡ್ಬೇಕು. ಪ್ಲೀಸ್."

"ಬಾಗಿಲು ಆಗ್ತದ್ರಿ ಸಾಹೇಬ್ರ. ಗೇಟು?"

ಅವರ ಮುಖ ಪ್ರೈಮರ್ ಹೊಡೆದ ಹಾಗೆ ಬೂದುಬಣ್ಣಕ್ಕೆ ತಿರುಗಿತು. ಗೇಟಿನ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಪುಟ್ಟಿ ಡಬ್ಬಿ ಹಿಡಿದು ಅವರ ಮನೆಗೇ ಹೋದೆ. ತಗಡಿನ ಗೇಟು, ಒಂದು ಕಡೆ ಚೆನ್ನಾಗಿ ಜಜ್ಜಿತ್ತು. ಸಾಹೇಬರು ಬೀದಿ ಕಾಯುತ್ತ ನಿಂತರು. ಬಳಿಯುವ ಮುಂಚೆ ಅಭ್ಯಾಸಬಲದಿಂದ ಗೇಟಿನ ಮೇಲೆ ಅಂಗೈ ಆಡಿಸಿದೆ. ತಡೆಯಲಾರದಷ್ಟು ನಗು ಬಂತು.

"ಏನಮ್ಮಾ? ಏನಾಯ್ತು?" ಸಾಹೇಬರು ಗಾಬರಿಯಾದರು.

"ಏನಿಲ್ರೀ," ಅಂದೆ. "ಮೇಡಂ ಅವರು ಗೇಟಿಗೂ ಆವಾಗ್ಲೇ ಪುಟ್ಟಿ ಹಚ್ಚಿಸ್ಯಾರ. ಮೂರು ಕಡೆ."