ಲವಂಗದೆಣ್ಣೆಯ ಅಳಿಯ

ಸಂಶೋಧಕನ ಅಂಗಿಗಳಿಗೆ ಅವನ ಸ್ವಂತ ಮನೆಯೊಳಗೆ ಪ್ರವೇಶವಿರಲಿಲ್ಲ. ಬಾಗಿಲ ಹೊರಗೆ, ಚಪ್ಪಲಿ ಗೂಡಿನ ಮೇಲೆ, ಹೆಂಡತಿ ಅವುಗಳಿಗೆಂದೇ ಒಂದು ಮೊಳೆ ಹೊಡೆಸಿದ್ದಳು. ಸಂಜೆ ಕೆಲಸದಿಂದ ಬಂದವನು ಅಲ್ಲೇ ಅಂಗಿ ಕಳಚಿ, ಬನಿಯನ್ನಿನಲ್ಲಿ ನಿಂತು ಎದುರು ಮನೆಯವರಿಗೊಂದು ನಮಸ್ಕಾರ ಹಾಕಿ, ಆಮೇಲೆ ಗೃಹಪ್ರವೇಶ ಮಾಡಬೇಕು.

“ಮನೆಗೆ ಬಂದಂಗಿರಲ್ಲ ಕಣ್ರೀ, ಹಲ್ಲಿನ ಡಾಕ್ಟರ ಹತ್ರ ಹೋದಂಗಿರುತ್ತೆ” ಎಂಬುದು ಅವಳ ದೂರು.

“ಎಲ್ಲಿದೆ ವಾಸನೆ? ತೋರಿಸು!” ಎಂದು ಅವನು ಅಂಗಿಯನ್ನು ಮೂಗಿಗೊತ್ತಿಕೊಂಡು ಕೇಳುತ್ತಿದ್ದ. ಅವನಿಗೆ ನಿಜವಾಗಿಯೂ ಏನೂ ಬರುತ್ತಿರಲಿಲ್ಲ. (ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವನಂತೂ ಇಟ್ಟುಕೊಳ್ಳಲಿಲ್ಲ.)

ಅವನ ಕೆಲಸ ಆಹಾರ ಸಂಶೋಧನಾಲಯದ ಮಾಂಸ ವಿಭಾಗದಲ್ಲಿ. ಹಸಿ ಮಾಂಸಕ್ಕೆ ಲವಂಗ, ದಾಲ್ಚಿನ್ನಿ ಮುಂತಾದವುಗಳ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಸವರಿ ಫ್ರಿಜ್ಜಿನಲ್ಲಿಟ್ಟರೆ ಅದು ಬೇಗ ಕೆಡುವುದಿಲ್ಲ ಎಂದು ಸಾಧಿಸುವುದು ಅವನ ಜೀವನದ ಪರಮೋದ್ದೇಶವಾಗಿತ್ತು. ವರ್ಷಗಟ್ಟಲೆ ಗಾಜಿನ ಬಟ್ಟಲುಗಳ ಮೇಲೆ ಬಗ್ಗಿ ಬಗ್ಗಿ ಅವನ ಬೆನ್ನೇ ಲವಂಗದಂತೆ ಬಾಗಿತ್ತು. ಮಾಂಸದ ವಾಸನೆ ನೋಡಲು ಮಾತ್ರ ಸಂಶೋಧನಾಲಯದವರು ಹೊರಗಿನ ಜನರನ್ನು ಕರೆಸುತ್ತಿದ್ದರು. ಯಾಕೆಂದು ಅವನು ಎಂದೂ ಕೇಳಿರಲಿಲ್ಲ. ಸುಮ್ಮನೆ ದುಂದುವೆಚ್ಚ ಎಂದುಕೊಂಡಿದ್ದ.

ಈಗ ಮುಖ್ಯಸ್ಥರು ಹೊಸದೊಂದು ಅಪ್ಪಣೆ ಕೊಟ್ಟಿದ್ದರು. “ಬಟ್ಟಲಲ್ಲಿ ಆಡಿದ್ದು ಸಾಕು. ನಿಜವಾದ ಮಾಂಸದಂಗಡಿಯವನೊಬ್ಬನನ್ನ ಒಪ್ಪಿಸಿ, ಅಲ್ಲಿ ಮಾಡಿ ತೋರಿಸಿ. ಇಲ್ದಿದ್ರೆ ಈ ತಿಂಗಳು ಕಳೀತಿದ್ದಂಗೆ ಉಪ್ಪಿನಕಾಯಿ ವಿಭಾಗಕ್ಕೆ ಹೋಗಿ.”

ಉಪ್ಪಿನಕಾಯಿ ವಿಭಾಗಕ್ಕೆ ಹೋದವರು ಯಾರೂ ಒಣಗಿದ ಕಣ್ಣಿನಲ್ಲಿ ಹಿಂತಿರುಗಿದ್ದಿಲ್ಲ. ಮೆಣಸಿನಪುಡಿಯ ಘಾಟಿಗೆ ಅಲ್ಲಿನವರು ಸಂಬಳದ ದಿನವೂ ಅಳುತ್ತಿದ್ದರು.

ಊರಿನಲ್ಲಿ ಅವನನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳಬಹುದಾದ ಮಾಂಸದ ವ್ಯಾಪಾರಿ ಒಬ್ಬನೇ: ಅವನ ಮಾವ. ಆದರೆ ಮಾವ ಸಾಮಾನ್ಯನಲ್ಲ. ಮಾಂಸದ ತುಂಡನ್ನು ಒಮ್ಮೆ ನೋಡಿ, ಅದು ಯಾವ ದಿನದ್ದೆಂದು ಹೇಳಿಬಿಡುತ್ತಾನೆಂಬ ಖ್ಯಾತಿ ಅವನದು. “ತಾಜಾ ಮಾಂಸಕ್ಕೆ ಎಣ್ಣೆ ಯಾಕ್ರೀ ಅಳಿಯಂದ್ರೇ? ಅದೇನು ತಲೆ ಬಾಚ್ಕೊಂಡು ಮದುವೆಗೆ ಹೋಗುತ್ತಾ?” ಎಂದು ಒಮ್ಮೆ ಗಿರಾಕಿಗಳೆದುರೇ ಕೇಳಿದ್ದ.

ಆಗ ಸಂಶೋಧಕನ ತಲೆಯಲ್ಲಿ ದಿವ್ಯವಾದ ಉಪಾಯವೊಂದು ಹೊಳೆಯಿತು. ಬುಧವಾರ ಮಾವನ ಅಂಗಡಿಯಿಂದಲೇ ಮಾಂಸ ತಂದು, ಎಣ್ಣೆ ಸವರಿ ಫ್ರಿಜ್ಜಿನಲ್ಲಿಡುವುದು. ಭಾನುವಾರ ಅತ್ತೆ ಮಾವಂದಿರನ್ನು ಊಟಕ್ಕೆ ಕರೆದು, ಅದನ್ನೇ ಹುರಿದು ಬಡಿಸುವುದು. ಮಾವ “ಇವತ್ತಿನದು” ಎಂದು ಚಪ್ಪರಿಸಿದ ಕೂಡಲೇ ಗುಟ್ಟು ಬಿಚ್ಚುವುದು!

ಬುಧವಾರ ಶಾಸ್ತ್ರೋಕ್ತವಾಗಿ ಹನಿ ಎಣಿಸಿ ಸವರಿದ. ಗುರುವಾರ ಡಬ್ಬಿ ತೆರೆದು ಮೂಸಿದರೆ ವಾಸನೆಯೇ ಇಲ್ಲ. ಎಣ್ಣೆ ಆವಿಯಾಗಿ ಹೋಗಿದೆ ಎಂದು ತೀರ್ಮಾನಿಸಿ ಮತ್ತಷ್ಟು ಸವರಿದ. ಶುಕ್ರವಾರವೂ ಅದೇ ಕತೆ. ಶನಿವಾರ ಹನಿ ಎಣಿಸುವ ತಾಳ್ಮೆ ಬಿಟ್ಟು ಸೀಸೆಯನ್ನೇ ಬಗ್ಗಿಸಿದ.

“ರೀ, ಇವತ್ತು ಹಾಲು ಕುಡಿದ್ರೆ ಲವಂಗ, ಬೆಣ್ಣೆ ತಿಂದ್ರೆ ಲವಂಗ, ನೀರಿನ ಬಾಟ್ಲಿ ಬಾಯಿ ತೆಗೆದ್ರೂ ಲವಂಗ!” ಎಂದು ಹೆಂಡತಿ ಸೆರಗು ಮೂಗಿಗೆ ಹಿಡಿದು ಕೂಗಿದಳು. “ಹಾಲಿನವನು ಬಾಗಿಲಲ್ಲೇ ನಿಂತು, ಮನೇಲಿ ಯಾರಿಗಮ್ಮಾ ಹಲ್ಲುನೋವು ಅಂತ ಕೇಳಿದ.”

“ಅವನೂ ನಿಮ್ಮಪ್ಪನ ಕಡೆಯವನೇ ಇರಬೇಕು.”

“ನಿಮ್ಮ ಮೂಗು ಯಾವತ್ತೋ ರಿಟೈರ್ ಆಗಿದೆ ಕಣ್ರೀ. ಪಿಂಚಣಿ ಮೇಲೆ ಮುಖದಲ್ಲಿ ಕೂತಿದೆ ಅಷ್ಟೇ.”

“ನಿನ್ನದು ಪೂರ್ವಗ್ರಹಪೀಡಿತ ಮೂಗು!” ಎಂದು ಅವನು ಘೋಷಿಸಿದ. ಅವಳು ಫ್ರಿಜ್ಜಿನ ಬಾಗಿಲನ್ನು ಧಡಾರನೆ ಮುಚ್ಚಿ, “ಆಗಲಿ, ಹುರಿದುಕೊಡ್ತೀನಿ. ಬಡಿಸೋದು ಮಾತ್ರ ನೀವೇ” ಎಂದಳು.

ಭಾನುವಾರ ಅತ್ತೆಯೊಂದಿಗೆ ಮಾವ ಬಂದ. ಯಾವತ್ತೂ ಬಾಗಿಲಲ್ಲೇ ಗುಡುಗುವವನು ಅಂದು ಕೆನ್ನೆಗೆ ಅಂಗೈ ಕೊಟ್ಟು, ಹೂಂ ಎಂದಷ್ಟೇ ಹೇಳಿ ಕುಳಿತ. ಅಳಿಯ ಅದನ್ನು ಗಾಂಭೀರ್ಯ ಎಂದುಕೊಂಡ.

ತಟ್ಟೆಗೆ ಮಾಂಸ ಬಿತ್ತು. ಅತ್ತೆ ಮೊದಲ ತುತ್ತಿಗೇ ಕಣ್ಣರಳಿಸಿ, “ಅಯ್ಯೋ, ನನ್ನ ನಾಲಿಗೆ ಎಲ್ಲೋಯ್ತೇ?” ಎಂದು ಮಗಳನ್ನು ಕೇಳಿದರು. ಆಮೇಲೆ ಅವರು ಏನು ಹೇಳಿದರೂ ಯಾರಿಗೂ ತಿಳಿಯಲಿಲ್ಲ. (ಮರಗಟ್ಟಿದ ನಾಲಿಗೆಗೆ ‘ರ’ಕಾರ, ‘ಲ’ಕಾರಗಳು ಒಗ್ಗುವುದಿಲ್ಲ.) ಅವರು ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದರು.

ಆದರೆ ಮಾವ! ಮಾವ ಒಂದು ತುಂಡನ್ನು ಬಲಗೆನ್ನೆಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಹಣೆಯ ಗಂಟು ಸಡಿಲವಾಯಿತು. ಇನ್ನೊಂದು ತುಂಡು ಹಾಕಿಸಿಕೊಂಡ. ಮತ್ತೂ ಒಂದು. ಕೊನೆಗೆ, “ಆಹಾ!” ಎಂದು ಉದ್ಗರಿಸಿದ.

ಸಂಶೋಧಕನ ಎದೆ ಉಬ್ಬಿತು. ಬಡಿಸುವ ಸೌಟನ್ನು ಧ್ವಜದಂತೆ ಎತ್ತಿ ಹಿಡಿದು, “ಮಾವಾ, ಹೇಳಿ, ಯಾವತ್ತಿನ ಮಾಂಸ ಇದು?” ಎಂದ.

“ಗೊತ್ತಾಗ್ಲಿಲ್ಲ.”

“ಬುಧವಾರದ್ದು! ನಿಮ್ಮ ಅಂಗಡಿದೇ! ನಿಮಗೇ ಗೊತ್ತಾಗ್ಲಿಲ್ಲ!”

“ಹೆಂಗೆ ಗೊತ್ತಾಗಬೇಕು ಅಳಿಯಂದ್ರೇ? ಇದು ಮಾಂಸ ಅಂತಾನೇ ಗೊತ್ತಾಗ್ಲಿಲ್ಲ.” ಮಾವ ಬೆರಳಿನಿಂದ ದವಡೆ ತಟ್ಟಿ ನೋಡಿಕೊಂಡ. “ಮೂರು ರಾತ್ರಿಯಿಂದ ನಿದ್ದೆ ಇರ್ಲಿಲ್ಲ. ಈ ಹಲ್ಲು ಇದೆಯೋ ಇಲ್ವೋ ಅನ್ನಂಗಾಯ್ತು ಈಗ. ಇಷ್ಟು ಒಳ್ಳೆ ಔಷಧಿನ ಮಾಂಸಕ್ಕೆ ಹಚ್ಚಿ ಯಾಕ್ರೀ ಹಾಳು ಮಾಡ್ತೀರಿ?”

ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಸೌಟು ಕೆಳಗಿಳಿಯಿತು. ಅವನ ಕಣ್ಣ ಮುಂದೆ ಉಪ್ಪಿನಕಾಯಿ ಜಾಡಿಗಳ ಸಾಲು ಬಂದು ನಿಂತಿತು. ಕಣ್ಣಲ್ಲಿ ಆಗಲೇ ನೀರಾಡಿತು.

ಅಳಿಯನ ಮುಖ ನೋಡಿ ಮಾವನಿಗೆ ಕರುಳು ಚುರುಕ್ಕೆಂದಿತು. (ಹಲ್ಲು ಚುರುಕ್ಕೆನ್ನುವುದು ನಿಂತಿದ್ದರಿಂದ ಕರುಳಿಗೆ ಅವಕಾಶ ಸಿಕ್ಕಿತ್ತು.)

“ಆಯ್ತು, ನನ್ನ ಅಂಗಡೀಲೇ ಮಾಡಿ” ಎಂದ. “ಒಂದೇ ಮಾತು. ಎಣ್ಣೆ ಎಷ್ಟು ಅನ್ನೋದನ್ನ ನಿಮ್ಮ ಮೂಗು ಹೇಳಬಾರದು. ನನ್ನ ಮಗಳ ಮೂಗು ಹೇಳ್ಬೇಕು.”

ಮುಖ್ಯಸ್ಥರು ಒಂದೇ ಮಾತಿಗೆ ಒಪ್ಪಿದರು. ಹೊರಗಿನ ಮೂಗು ಬೇಕೆಂದು ತಾವು ಮೊದಲಿಂದಲೂ ಹೇಳುತ್ತಿರಲಿಲ್ಲವೇ ಎಂದರು.

ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಹೆಂಡತಿಗೊಂದು ಕುರ್ಚಿ ಬಿತ್ತು. ಅವನು ಒಂದೊಂದೇ ಬಟ್ಟಲು ತಂದು ಅವಳ ಮುಂದೆ ಹಿಡಿಯಬೇಕು. “ಜಾಸ್ತಿ. ತೊಳೀರಿ” ಎಂದರೆ ತೊಳೆಯಬೇಕು. “ಹೂಂ” ಎಂದರೆ ಮುಂದಿನದು ತರಬೇಕು. ಮುಖ್ಯಸ್ಥರು ಬಂದಾಗ ಅವಳಿಗೆ “ಮೇಡಂ” ಎನ್ನುತ್ತಿದ್ದರು, ಅವನಿಗೆ “ಸ್ವಲ್ಪ ಪಕ್ಕಕ್ಕೆ ಬನ್ನಿ” ಎನ್ನುತ್ತಿದ್ದರು. ಆದರೆ ಕೆಲಸ ಮಾತ್ರ ಹೂವೆತ್ತಿದಂತೆ ಸಾಗಿತು. ಮಾಂಸ ತಾಜಾ ಉಳಿಯಿತು, ಮಾಂಸದಂತೆಯೂ ಉಳಿಯಿತು.

ಕೆಲವು ವಾರಗಳ ನಂತರ ಒಂದು ಸಂಜೆ ಇಬ್ಬರೂ ಮನೆಗೆ ಬಂದರು. ಅವನು ಎಂದಿನಂತೆ ಹೊರಗೆ ನಿಂತು ಗುಂಡಿ ಬಿಚ್ಚತೊಡಗಿದ. ಹೆಂಡತಿ ಅಂಗಿಯ ತೋಳನ್ನು ಮೂಗಿನ ಹತ್ತಿರ ತಂದು, ಮುದ್ದಾಗಿ ನಕ್ಕು ಹೇಳಿದಳು:

“ಪಾಪ, ಇನ್ಮೇಲೆ ಅಂಗಿ ಹಾಕ್ಕೊಂಡೇ ಒಳಗೆ ಬನ್ನಿ. ಈಗೀಗ ನಿಮ್ಮ ಹತ್ರ ಏನೂ ವಾಸನೇನೇ ಇಲ್ಲ ಕಣ್ರೀ!”

ಇಷ್ಟು ವರ್ಷ ಯಾವ ಮಾತಿಗಾಗಿ ಕಾದಿದ್ದನೋ ಆ ಮಾತು! ಅವನ ಮುಖ ಒಮ್ಮೆ ಅರಳಿತು. ಮರುಕ್ಷಣ, ಆ ಮಾತಿನ ಅರ್ಥ ತಲೆಗೆ ಇಳಿದು, ಉಪ್ಪಿನಕಾಯಿ ಜಾಡಿಗಳು ಮತ್ತೆ ಕಣ್ಣ ಮುಂದೆ ಬಂದು, ಸುಣ್ಣದಂತೆ ಬಿಳಿಚಿಕೊಂಡಿತು.

“ಇಲ್ಲ ಕಣೇ, ನಾರ್ತಿದೆ! ಗಬ್ಬು ನಾರ್ತಿದೆ! ಸರಿಯಾಗಿ ಮೂಸು!” ಎಂದು ಅಂಗಲಾಚುತ್ತ, ಅವನು ಅಂಗಿಯ ಜೊತೆಗೆ ಬನಿಯನ್ನನ್ನೂ ಕಿತ್ತು ಹೊರಗಿನ ಮೊಳೆಗೆ ತೂಗುಹಾಕಿದ.