ಹೆಚ್ಚು ಸಲ ಬಂದವರು ಮುಂದೆ ಬನ್ನಿ

ಕಂಪ್ಯೂಟರ್ ಪಾಠ ಮಾಡುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಅಂತ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ಆಗಾಗ ಕೇಳುತ್ತಾರೆ. ಅವರಿಗೇನು ಗೊತ್ತು! ಸಕಲೇಶಪುರದಲ್ಲಿ ಬಿಸಿಎ ಮಕ್ಕಳಿಗೆ ಪಾಠ ಹೇಳಲು ಶುರುಮಾಡಿದ ಮೇಲೆ ನಾನು ನಗದೆ ಬಸ್ಸು ಹತ್ತಿದ ದಿನ ಕಡಿಮೆ. ಅದರಲ್ಲೂ ಒಂದು ಪ್ರೋಗ್ರಾಂ ಇದೆ, ಅದನ್ನು ಮುಟ್ಟಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ಪ್ರೋಗ್ರಾಂ ದೊಡ್ಡದೇನಲ್ಲ. ಅಂಕಿಗಳು ಒಂದು ಸಾಲಿನಲ್ಲಿ ಕೂತಿರುತ್ತವೆ. ಅದಕ್ಕೆ ನಾವು ಅರೇ ಅನ್ನುತ್ತೇವೆ. ಯಾವ ಅಂಕಿ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು. ಹೆಚ್ಚು ಸಲ ಬಂದದ್ದು ಮುಂದೆ, ಕಡಿಮೆ ಸಲ ಬಂದದ್ದು ಹಿಂದೆ. ಎರಡು ಅಂಕಿ ಸಮಸಮ ಬಂದರೆ ಸಾಲಿನಲ್ಲಿ ಯಾವುದು ಮೊದಲು ಕಂಡಿತೋ ಅದಕ್ಕೆ ಮೊದಲ ಜಾಗ. ಇಷ್ಟೇ. ಈ ಇಷ್ಟರಲ್ಲೇ ಆದದ್ದನ್ನು ಹೇಳುತ್ತೇನೆ.

ಅಭಿಷೇಕರ ಮೆರವಣಿಗೆ

ಮೊದಲ ದಿನ ಬೋರ್ಡಿನ ಮೇಲೆ ಎಷ್ಟು ಬರೆದರೂ ಮಕ್ಕಳ ಮುಖ ಮಂಜು ಕವಿದ ಘಾಟಿಯ ಹಾಗೇ ಇತ್ತು. ನನಗೂ ಬೇಸರ ಬಂತು. ಸೀಮೆಸುಣ್ಣ ಕೆಳಗಿಟ್ಟು, "ಎಲ್ಲರೂ ಎದ್ದು ನಿಲ್ಲಿ. ನೀವೇ ಅರೇ. ಯಾವ ಹೆಸರಿನವರು ಹೆಚ್ಚು ಜನ ಇದ್ದೀರೋ ಅವರು ಮುಂದಿನ ಬೆಂಚಿಗೆ ಬನ್ನಿ" ಅಂದೆ.

ನಮ್ಮ ತರಗತಿಯಲ್ಲಿ ಅಭಿಷೇಕ್ ಅಂತ ಕರೆದರೆ ಒಂದು ಗುಂಪೇ ತಿರುಗಿ ನೋಡುತ್ತದೆ. ಸೇರಿದಾಗಿನಿಂದ ಹಿಂದಿನ ಬೆಂಚನ್ನೇ ನಂಬಿದ್ದ ಆ ಅಷ್ಟೂ ಅಭಿಷೇಕರು ತಲೆ ತಗ್ಗಿಸಿಕೊಂಡು ಮುಂದೆ ಬಂದು ನನ್ನ ಮೂಗಿನ ಕೆಳಗೆ ಕೂತರು. ಒಬ್ಬ ಅಂತೂ, "ನಾವೇನ್ ತಪ್ಪು ಮಾಡಿದ್ವಿ ಮೇಡಂ?" ಅಂತ ಅಳುವ ದನಿ ತೆಗೆದ. ಅವರ ಹಿಂದೆ ಪೂಜಾಗಳು. ಆಮೇಲೆ ಸಹನಾ ಮತ್ತು ಭರತ್ ಸಮಸಮ ಬಂದರು. ಹಾಜರಿಯಲ್ಲಿ ಮೊದಲು ಬರುವುದು ಭರತ್ ಅಂತ ಮಕ್ಕಳೇ ಕೂಗಿ ತೀರ್ಮಾನ ಮಾಡಿಬಿಟ್ಟರು. ಅರ್ಥವಾಯಿತಲ್ಲ ಅಂತ ನನ್ನ ಎದೆಯ ಭಾರ ಇಳಿಯಿತು.

ಊರಿಗೇ ಒಂದೇ ಅನ್ನುವಂಥ ಹಳೇ ಕಾಲದ ಹೆಸರಿನ ಹುಡುಗನೊಬ್ಬನಿದ್ದ. ಪಾಳ್ಯದ ಕಡೆಯವನು. ಹೆಸರು ಹಿಡಿದು ಕರೆದರೆ ಕಿವಿ ಕೆಂಪಾಗುತ್ತಿತ್ತು. ಅವತ್ತು ಅವನಿಗೆ ಕೊನೇ ಬೆಂಚು, ಅದೂ ಕಿಟಕಿ ಪಕ್ಕ. ಕಾಲು ಚಾಚಿ ಕೂತು ಹೇಳಿದ: "ನಮ್ಮಜ್ಜಿ ಹಟ ಹಿಡ್ದು ಮನೆದೇವ್ರ ಹೆಸ್ರು ಮಡಗಿದ್ರು ಮೇಡಂ. ಇಷ್ಟು ವರ್ಷ ಬೈಕೊಂಡಿದ್ದೆ. ಇವತ್ತು ಮನೆಗೆ ಹೋದೇಟ್ಗೆ ಕಾಲಿಗೆ ಬೀಳ್ತೀನಿ."

ಸಾರಿನ ಪುಡಿಯ ಕಾಫಿ

ಪಾಠ ಗೆದ್ದ ಹುಮ್ಮಸ್ಸಿನಲ್ಲಿ ಅದನ್ನು ಮನೆಗೂ ತಂದೆ. ನಮ್ಮ ಮನೆ ಆಲೂರಿನಲ್ಲಿ. ಅಡುಗೆಮನೆಯ ಹಲಗೆಯ ಮೇಲೆ ಒಂದೇ ಅಚ್ಚಿನ ಸ್ಟೀಲ್ ಡಬ್ಬಿಗಳು ಸಾಲಾಗಿ ಇರುತ್ತವೆ. ಯಾವುದರ ಮೇಲೂ ಏನೂ ಬರೆದಿಲ್ಲ. ಬೇಕಾದದ್ದು ಯಾವಾಗಲೂ ಹಿಂದೆ, ವರ್ಷಕ್ಕೊಮ್ಮೆ ತೆಗೆಯುವ ಗಸಗಸೆ ಮುಂದೆ. ಒಂದು ಭಾನುವಾರ ಅತ್ತೆ ಮಲಗಿದ್ದಾಗ, ದಿನಾ ಹೆಚ್ಚು ಸಲ ತೆಗೆಯುವ ಡಬ್ಬಿ ಮುಂದೆ ಬರುವ ಹಾಗೆ ಎಲ್ಲವನ್ನೂ ಜೋಡಿಸಿ, ಕೈ ಒರೆಸಿಕೊಂಡು ಬಟ್ಟೆ ಒಗೆಯಲು ಹೋದೆ.

ಅತ್ತೆಗೆ ಹೇಳಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ನನ್ನ ನಾದಿನಿಯನ್ನು ನೋಡಲು ಮುಂದಿನ ವಾರ ಬರಬೇಕಿದ್ದವರು, "ಇಲ್ಲೇ ಹತ್ರ ಮದುವೆಗೆ ಬಂದಿದ್ವಿ, ಹಂಗೇ ಬಂದ್ಬುಟ್ವಿ" ಅಂತ ಇಳಿದರು. ಹುಡುಗ, ಅವನ ಅಪ್ಪ, ಅಮ್ಮ. ಅಪ್ಪ ಮೂರು ತಲೆಮಾರಿನ ಕಾಫಿ ಬೆಳೆಗಾರರು. ಮನೆಯಲ್ಲಿ ಓಡಾಟವೋ ಓಡಾಟ. ನಾನು ನಾದಿನಿಗೆ ಸೀರೆ ಉಡಿಸುತ್ತಿದ್ದೆ. ಅತ್ತೆ ಕಾಫಿಗೆ ನೀರಿಟ್ಟರು.

ಅತ್ತೆಗೆ ಅವತ್ತು ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಕಣ್ಣು ಮುಚ್ಚಿಕೊಂಡು ಕೈಹಾಕುವ ಜಾಗಕ್ಕೆ ಕೈಹಾಕಿ, ಸಿಕ್ಕ ಡಬ್ಬಿಯಿಂದ ಎರಡು ದೊಡ್ಡ ಚಮಚ ಪುಡಿ ಹಾಕಿ, ಕುದಿಸಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಲು ಬೆರೆಸಿ ಕಳಿಸಿದರು. ಬಣ್ಣ ಮಾತ್ರ ಕಾಫಿಯದೇ.

ಹುಡುಗನ ಅಪ್ಪ ಒಂದು ಗುಟುಕು ಕುಡಿದು ಅಲ್ಲಿಗೇ ನಿಲ್ಲಿಸಿದರು. ಲೋಟ ಮೂಗಿನ ಹತ್ತಿರ ತಂದರು. ಇನ್ನೊಂದು ಗುಟುಕು.

"ಇದು ಯಾವ ತೋಟದ್ದಮ್ಮ?"

"ನಮ್ಮ ಹಿತ್ತಲದ್ದೇ ಕಣಣ್ಣ," ಅಂದರು ಅತ್ತೆ ಹೆಮ್ಮೆಯಿಂದ.

ಅವರು ಲೋಟವನ್ನು ಮತ್ತೊಮ್ಮೆ ಮೂಸಿ, "ಗಿಡದ ಮಧ್ಯೆ ಮೆಣಸಿನ ಬಳ್ಳಿ ಸಿಕ್ಕಾಪಟ್ಟೆ ಹಬ್ಸಿದೀರ ಅನ್ಸುತ್ತೆ" ಅಂದರು.

ನಾನು ಓಡಿಹೋಗಿ ಪಾತ್ರೆ ಮೂಸಿ ನೋಡಿದೆ. ಸಾರಿನ ಪುಡಿ! ಸಂಬಂಧ ಹೋಯಿತು ಅಂದುಕೊಂಡೆ. ಹೊರಗೆ ಬಂದು ವಿಷಯ ಹೇಳಿದರೆ ಹುಡುಗನ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಗಲು ಶುರುಮಾಡಿದರು. ಆಮೇಲೆ ಯಾರಿಗೂ ತಡೆಯಲು ಆಗಲಿಲ್ಲ. ಆ ಹುಡುಗ ಮಾತ್ರ ಅಷ್ಟರಲ್ಲಿ ಲೋಟ ಖಾಲಿ ಮಾಡಿ ಕೆಳಗಿಟ್ಟಿದ್ದ.

ಅವರು ಹೋದ ಮೇಲೆ ನನಗೆ ಬೈಗುಳ ಖಂಡಿತ ಅಂತ ಮೂಲೆಯಲ್ಲಿ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಮಗಳ ಕೈ ಹಿಡಿದು ಹೇಳಿದರು: "ಒಪ್ಕೊಂಡ್ಬುಡು ಕಣವ್ವ. ನಿನ್ನ ಅಡುಗೆ ಎಂಗಿರ್ತದೆ ಅಂತ ನಂಗೊತ್ತು. ಇದನ್ನ ಕುಡ್ದು ತುಟಿಪಿಟಕ್ಕನ್ನದ ಗಂಡು ಇನ್ನೆಲ್ಲಿ ಸಿಗ್ತಾನೆ?"

ಮದುವೆ ಆಯಿತು. ಇಬ್ಬರೂ ಚೆನ್ನಾಗಿದ್ದಾರೆ.

ಗುಡ್ ಮಾರ್ನಿಂಗ್ ಎಂಬ ಊರು

ನಮ್ಮ ಕಡೆ ಆನೆ ಬಂದರೆ ತಿಳಿಸಲು ವಾಟ್ಸಾಪ್ ಗುಂಪು ಇದೆ. ಮಕ್ಕಳು ತೋಟದ ದಾರಿಯಲ್ಲಿ ನಡೆದು ಬಸ್ಸಿಗೆ ಬರುವವರು, ಹಾಗಾಗಿ ಎಲ್ಲರ ಫೋನಿನಲ್ಲೂ ಅದು ಇರಲೇಬೇಕು. ಬಿಸಿಲೆಯ ಹುಡುಗಿಯೊಬ್ಬಳು ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಅವಳು ಬಂದು, "ಮೇಡಂ, ಗುಂಪಿನ ಮೆಸೇಜ್ ಎಲ್ಲ ನಮ್ಮ ಪ್ರೋಗ್ರಾಮಿಗೆ ಹಾಕಿದ್ರೆ ಯಾವೂರ ಹೆಸ್ರು ಹೆಚ್ಚು ಸಲ ಬರುತ್ತೆ ಗೊತ್ತಾಗುತ್ತೆ. ಆ ದಾರೀಲಿ ಹುಷಾರಾಗಿರಬಹುದು" ಅಂದಳು. ಖುಷಿಯಾಯಿತು. ಪ್ರಿನ್ಸಿಪಾಲರಿಗೆ ಇನ್ನೂ ಖುಷಿ. ಕಾಲೇಜಿನ ಗೇಟಿಗೇ ಬೋರ್ಡು ಹಾಕಿಸೋಣ ಅಂತ ಬಣ್ಣದವನಿಗೂ ಹೇಳಿದರು.

ಪ್ರೋಗ್ರಾಂ ಓಡಿತು. ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ಪರದೆ ನೋಡಿದರು. ಹೆಚ್ಚು ಸಲ ಬಂದದ್ದು ಎಲ್ಲಕ್ಕಿಂತ ಮೇಲಿತ್ತು.

"ಮೇಡಂ, ಈ ಗುಡ್ ಮಾರ್ನಿಂಗ್ ಅನ್ನೋದು ಯಾವ ಹೋಬಳಿಗೆ ಬರುತ್ತೆ?"

ಅದರ ಕೆಳಗೆ 'ಶುಭ ಸೋಮವಾರ', ಅದರ ಕೆಳಗೆ 'ಅಣ್ಣಂಗೆ ಹುಟ್ಟುಹಬ್ಬದ ಶುಭಾಶಯ'. ಆನೆ ಎಲ್ಲೋ ಕೆಳಗೆ ಒಂಟಿಯಾಗಿ ನಿಂತಿತ್ತು.

ಹುಡುಗಿ ಎಲ್ಲ ತೆಗೆದು ಊರಿನ ಹೆಸರು ಮಾತ್ರ ಎಣಿಸುವ ಹಾಗೆ ಮಾಡಿದಳು. ಈಗ ಮೊದಲು ಬಂದದ್ದು ಮಾರನಹಳ್ಳಿ. ಕಾಡಿನ ನಡುವಿನ ಬಿಸಿಲೆಯ ಹೆಸರೇ ಇಲ್ಲ. ಬೋರ್ಡು ಬರೆಸುವ ಮೊದಲೇ ನನಗೆ ಅನುಮಾನ ಬಂತು, ಪುಣ್ಯ. ಮಾರನಹಳ್ಳಿ ಹೆದ್ದಾರಿಯ ಮೇಲಿದೆ, ಫೋನು ಚೆನ್ನಾಗಿ ಸಿಗುತ್ತದೆ, ಒಂದು ಆನೆ ಕಂಡರೆ ಹೋಗುವ ಬರುವ ಕಾರಿನವರೆಲ್ಲ ಮೆಸೇಜು ಹಾಕುತ್ತಾರೆ. ಬಿಸಿಲೆಯಲ್ಲಿ ಮೆಸೇಜು ಹಾಕಬೇಕಾದರೆ ಗುಡ್ಡ ಹತ್ತಬೇಕು, ಗುಡ್ಡದ ಮೇಲೆ ಆನೆ ಇರುತ್ತದೆ. ನಾವು ಎಣಿಸಿದ್ದು ಆನೆಯನ್ನಲ್ಲ, ಸಿಗ್ನಲ್ಲನ್ನು. ಬೋರ್ಡಿನ ಯೋಚನೆ ಅಲ್ಲಿಗೇ ಬಿಟ್ಟೆವು.

ವಾರ ಕಳೆದು ಊರಿಂದ ಬಂದ ಹುಡುಗಿ ನಗುತ್ತಾ ನಿಂತಳು. "ನಮ್ಮೂರಲ್ಲಿ ಆನೆನೇ ಇಲ್ಲ ಅಂತ ಕಂಪ್ಯೂಟರ್ ಹೇಳ್ತು ಅಂತ ಅವ್ವಂಗೆ ಹೇಳ್ದೆ ಮೇಡಂ."

"ಅದಕ್ಕೇನಂದ್ರು?"

"'ಹಂಗಾರೆ ಮೊನ್ನೆ ನಮ್ಮ ಬಾಳೆನೆಲ್ಲ ಉಂಡು ಹೋದೋನು ಯಾವೂರ ನೆಂಟ? ನಿಮ್ಮ ಮೇಡಮ್ಮನ್ನ ಕೇಳ್ಕಂಡು ಬಾ' ಅಂದ್ರು."

ಜೋಡಿಸಿ ಕೊಡಿ ಸರ್

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬಹಳ ಬಿಗಿ ಅಂತ ಹೆಸರು. ಮುಖದಲ್ಲಿ ನಗುವಿನ ಗೆರೆಯೇ ಇಲ್ಲ. ಪಾಳ್ಯದ ಹುಡುಗನಿಗೆ ಬಂದದ್ದು ಇದೇ ಪ್ರೋಗ್ರಾಂ. ಹಿಂದಿನ ಸಲ ಅವನು ಇದೇ ಲ್ಯಾಬಿನಲ್ಲಿ ಫೇಲಾಗಿದ್ದ. ಈ ಸಲವೂ ಹೋದರೆ ಓದು ಬಿಡಿಸಿ ಗದ್ದೆ ಕೆಲಸಕ್ಕೆ ಹಚ್ಚುವ ಮಾತು ಮನೆಯಲ್ಲಿ ನಡೆದಿತ್ತು. ಅವನಿಗಿಂತ ನನಗೇ ಹೆಚ್ಚು ಬೆವರು.

ಪರೀಕ್ಷಕರು ಅವನ ಹತ್ತಿರ ಬಂದರು. "ಓಡಿಸು."

ಹುಡುಗ ಐದು, ಐದು, ಐದು, ಐದು ಅಂತ ಕೊಟ್ಟ. ಪರದೆಯ ಮೇಲೆ ಐದು, ಐದು, ಐದು, ಐದು ಅಂತ ಬಂತು.

"ಬೇರೆ ಬೇರೆ ಅಂಕಿ ಕೊಡಪ್ಪ."

ಒಂದು, ಎರಡು, ಮೂರು, ನಾಲ್ಕು. ಹಾಗೆಯೇ ವಾಪಸ್ ಬಂತು. ತಪ್ಪೂ ಅಲ್ಲ, ಎಲ್ಲ ಒಂದೊಂದೇ ಸಲ ಬಂದಿವೆ, ಮೊದಲು ಕಂಡದ್ದೇ ಮೊದಲು.

"ಒಂದಷ್ಟು ಹೆಚ್ಚು, ಒಂದಷ್ಟು ಕಡಿಮೆ ಬರೋ ಹಾಗೆ ಕೊಡು."

ಒಂಬತ್ತು, ಒಂಬತ್ತು, ಒಂಬತ್ತು, ನಾಲ್ಕು, ನಾಲ್ಕು, ಏಳು. ಮತ್ತೆ ಹಾಗೆಯೇ ಬಂತು. ಅದೂ ಸರಿಯೇ. ನನಗೆ ಆಗ ಹೊಳೆಯಿತು. ಇವನು ಅಂಕಿ ತೆಗೆದುಕೊಳ್ಳುವುದನ್ನೂ ತೋರಿಸುವುದನ್ನೂ ಬರೆದಿದ್ದಾನೆ, ನಡುವೆ ಏನೂ ಇಲ್ಲ!

ಪರೀಕ್ಷಕರಿಗೂ ಹೊಳೆಯಿತು. ಕೀಬೋರ್ಡು ತಮ್ಮ ಕಡೆ ಎಳೆದುಕೊಂಡು ತಾವೇ ಒತ್ತಿದರು. ಒಂದು, ಎರಡು, ಎರಡು. ಪರದೆಯ ಮೇಲೂ ಒಂದು, ಎರಡು, ಎರಡು. ಎರಡು ಮುಂದೆ ಬರಬೇಕಿತ್ತು.

"ಇದೇನಯ್ಯ?"

ಹುಡುಗ ಪರದೆ ನೋಡಿದ, ಅವರ ಮುಖ ನೋಡಿದ. ಬಹಳ ಮರ್ಯಾದೆಯಿಂದ ಹೇಳಿದ: "ಸರ್, ನೀವು ಕೊಟ್ಟಿರೋ ಅಂಕಿ ಸರಿಯಾದ ಕ್ರಮದಲ್ಲಿ ಇಲ್ಲ ಸರ್. ಸ್ವಲ್ಪ ಜೋಡ್ಸಿ ಕೊಡಿ."

ಪರೀಕ್ಷಕರ ಕೆನ್ನೆ ಒಮ್ಮೆ ಅದುರಿತು. ಆಮೇಲೆ ಅವರು ಕುರ್ಚಿ ಹಿಡಿದುಕೊಂಡು ನಕ್ಕದ್ದನ್ನು ಈಗಲೂ ಮಕ್ಕಳು ಅಣಕಿಸುತ್ತಾರೆ. ಕಣ್ಣೊರೆಸಿಕೊಂಡು, "ಹೇಗೆ ಜೋಡಿಸಬೇಕೋ, ನೀನೇ ಹೇಳು" ಅಂದರು. ಹುಡುಗ ಹೇಳಿದ. ಯಾವುದು ಎಷ್ಟು ಸಲ ಬಂತು ಅಂತ ಎಣಿಸೋದು, ಲೆಕ್ಕ ದೊಡ್ಡದಿರೋದನ್ನ ಮುಂದೆ ತರೋದು, ಸಮ ಬಂದರೆ ಮೊದಲು ಕಂಡದ್ದನ್ನ ಬಿಡದೆ ಇಡೋದು. ಒಂದು ಮಾತೂ ತಪ್ಪಿಲ್ಲ.

"ಎಲ್ಲ ಗೊತ್ತಿದೆಯಲ್ಲಯ್ಯ. ಬರೆಯೋಕೆ ಏನು ಕಷ್ಟ?"

"ನಿಮ್ಮನ್ನ ನೋಡಿ ಎಲ್ಲ ಮರ್ತೋಗ್ಬುಡ್ತು ಸರ್."

"ಹಾಗಾದರೆ ನಾನು ಕಾಫಿ ಕುಡಿದು ಬರ್ತೀನಿ. ಇನ್ನೂ ಟೈಮಿದೆ, ಬರಿ."

ಅವರು ಕಾಫಿ ಮುಗಿಸಿ ಬರುವಷ್ಟರಲ್ಲಿ ಒಂದು, ಎರಡು, ಎರಡು ಅಂತ ಕೊಟ್ಟರೆ ಎರಡು, ಎರಡು, ಒಂದು ಅಂತ ಬರುತ್ತಿತ್ತು. "ಬದ್ಲಾಯ್ತು ಮೇಡಂ!" ಅಂತ ಅವನು ಕೂಗಿದ್ದು ಆಫೀಸಿನವರೆಗೂ ಕೇಳಿಸಿತಂತೆ. ಪರೀಕ್ಷಕರು, "ಈಗಲೇ ಏನೂ ಹೇಳೋ ಹಾಗಿಲ್ಲ. ಆದರೆ ಮನೆಗೆ ನೆಮ್ಮದಿಯಾಗಿ ಹೋಗು" ಅಂದರು. ನಾನು ಗೋಡೆಗೆ ಒರಗಿ ನಿಂತು ಉಸಿರು ಬಿಟ್ಟೆ.

ಹುಡುಗ ವರಾಂಡದಲ್ಲೇ ನಿಂತು ಅಪ್ಪನಿಗೆ ಫೋನು ಮಾಡಿದ. ಖುಷಿಗೆ ಸ್ಪೀಕರ್ ಹಾಕಿಬಿಟ್ಟಿದ್ದ.

"ಅಪ್ಪಾ, ಪಾಸಾಗ್ತೀನಿ ಕಣಪ್ಪ! ಗ್ಯಾರಂಟಿ!"

ಆ ಕಡೆ ಗದ್ದೆಯ ನೀರಿನ ಸದ್ದು ಕೇಳಿಸಿತು. ಆಮೇಲೆ ಗಾಬರಿಯ ದನಿ ಬಂತು:

"ಅಯ್ಯೋ ಮಾರಾಯ, ಮೊದ್ಲೇ ಹೇಳ್ಬಾರ್ದೇನೋ? ನಿನ್ನ ನಂಬ್ಕಂಡು ನಾಳೆ ನಾಟಿಗೆ ಒಂದಾಳು ಕಮ್ಮಿ ಹೇಳ್ಬುಟ್ನಲ್ಲೋ!"