ಮಾವನವರ ನಿವ್ವಳ ತೂಕ

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೆನಪು ಎಂಬುದು ಬೀಗರು ಬರುತ್ತಾರೆಂದು ಅವಸರದಲ್ಲಿ ಮನೆ ಗುಡಿಸುವವರ ಹಾಗೆ; ಕಸವನ್ನೆಲ್ಲ ಮಂಚದ ಕೆಳಗೆ ತಳ್ಳಿ, ಕಾಣುವ ಕಡೆ ಜಮಖಾನೆ ಹಾಸಿಬಿಡುತ್ತದೆ. ಸಂಜೆ ನಡೆದದ್ದನ್ನು ಮುಂಜಾನೆಗೆ ತಂದು ಕೂಡಿಸುತ್ತದೆ. ಬೇರೆ ಯಾರೋ ಆಡಿದ ಜಾಣ ಮಾತನ್ನು ನನ್ನ ಬಾಯಿಗೆ ಇಡುತ್ತದೆ. ಈಗ ಬರೆಯಲಿರುವ ಪ್ರಸಂಗದಲ್ಲೂ ಜಿಟಿಜಿಟಿ ಮಳೆ ಹಿಡಿದಿತ್ತೆಂದು ಬರೆಯಲು ಕೈ ತುರಿಸುತ್ತಿದೆ. ಮಳೆ ಇರಲಿಲ್ಲವೆಂದು ಹೆಂಡತಿ ಹೇಳುತ್ತಾಳೆ. ಬರೆಯುವವನಿಗೆ ಮಳೆ ಅನುಕೂಲ, ಅಷ್ಟೆ. ಆದುದರಿಂದ ನೆನಪನ್ನು ಬಿಟ್ಟು ನಾನು ಅಂಕಿಗಳನ್ನು ನಂಬಿದೆ. ಅಂಕಿ ಸುಳ್ಳು ಹೇಳುವುದಿಲ್ಲವೆಂದು ಹಾನಗಲ್ಲಿನ ಕನ್ನಡ ಶಾಲೆಯಲ್ಲಿ ಹುಡುಗರಿಗೆ ಕಲಿಸುತ್ತ ಬಂದವನು ನಾನು. ಹುಡುಗರಿಗೆ ಕಲಿಸಿದ್ದನ್ನು ತಾನೇ ನಂಬಿಕೊಳ್ಳುವುದು ಮಾಸ್ತರಿಕೆಗೆ ಅಂಟಿದ ರೋಗ. ಆ ರೋಗದಲ್ಲಿ ನಾನು ಸುಖವಾಗಿದ್ದಾಗ ನಮ್ಮ ಮಾವನವರಿಗೆ ಬೇರೊಂದು ರೋಗ ಬಂತು.

ಮಾವನವರೆಂದರೆ ರುದ್ರಪ್ಪನವರು, ನನ್ನ ಹೆಂಡತಿ ಗೌರವ್ವನ ತಂದೆ. ಸವಣೂರಿನಲ್ಲಿ ಅವರದು ವೀಳ್ಯದೆಲೆಯ ತೋಟ. ಒಳ್ಳೆಯ ಎಲೆಯನ್ನು ಮುಟ್ಟದೆ, ಬರಿಯ ವಾಸನೆಯಿಂದ ಗುರುತಿಸುತ್ತೇನೆಂಬ ಹಮ್ಮಿನ ಮನುಷ್ಯ. ನಾಲ್ಕು ಹೆಜ್ಜೆ ನಡೆದರೆ ಎದೆ ಹಾರುವುದು, ಮಲಗಿದರೆ ಉಸಿರು ಸಿಕ್ಕದೆ ಎದ್ದು ಕೂಡುವುದು, ಹೊತ್ತು ಮುಳುಗುವುದರೊಳಗೆ ಪಾದ ಬಾತುಕೊಳ್ಳುವುದು ಶುರುವಾದ ಮೇಲೆ ಅವರನ್ನು ಬಸ್ಸಿನಲ್ಲಿ ಹಾನಗಲ್ಲಿಗೆ, ನಮ್ಮ ಮನೆಗೆ ಕರೆತಂದೆವು. ನಮ್ಮೂರಿಗೆ ಆಗ ಮುಂಬಯಿಯಲ್ಲಿ ಓದಿ ಬಂದ ತರುಣ ಡಾಕ್ಟರೊಬ್ಬರು ದವಾಖಾನೆ ಹಾಕಿದ್ದರು. ಹೃದಯದ ರೋಗಿಗೆ ಶೀಶೆ ತುಂಬಿ ಔಷಧ ಕೊಟ್ಟು ಕಳಿಸಿದರೆ ಮುಗಿಯಲಿಲ್ಲ, ಅವನನ್ನು ವಾರವಾರವೂ ಕಾಯಬೇಕು, ಒಬ್ಬನ ಸ್ಥಿತಿಯನ್ನು ಇನ್ನೊಬ್ಬನ ಜೊತೆ ಹೋಲಿಸಿ ನೋಡಬೇಕು ಎಂಬುದು ಅವರ ಹಟ. ಶಿಗ್ಗಾವಿ, ಹಿರೇಕೆರೂರು, ತಡಸ ಎಂದು ಎಲ್ಲೆಲ್ಲಿಂದಲೋ ಬಂದ ಅಂಥ ರೋಗಿಗಳನ್ನು ಒಂದು ಗುಂಪು ಮಾಡಿ, ಯಾರಿಗೆ ಯಾವ ಔಷಧ ಎಷ್ಟು ಕೊಟ್ಟರೆ ಏನಾಗುತ್ತದೆಂದು ಶೋಧಿಸುತ್ತಿದ್ದರು. ಮುಂದೆ ಅದನ್ನು ಮುಂಬಯಿಯ ದೊಡ್ಡ ಡಾಕ್ಟರರ ಮುಂದೆ ಓದುವ ವಿಚಾರವೂ ಇತ್ತು. ಶೋಧ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಮಾವನವರನ್ನು ಆ ಗುಂಪಿಗೆ ಸೇರಿಸಿದೆ. ಹಾನಗಲ್ಲಿನಲ್ಲಿ ವಿಜ್ಞಾನ ನಡೆಯುತ್ತಿರುವಾಗ ನಮ್ಮ ಮನೆತನದವರು ಯಾರೂ ಅದರಲ್ಲಿಲ್ಲವೆಂದರೆ ಹೇಗೆ?

ಔಷಧವೂ ಒಂದು ಎಲೆಯ ಪುಡಿಯೇ ಎಂದು ತಿಳಿದಾಗ ಮಾವನವರ ಮುಖ ಬಿಗಿಯಿತು. "ಎಂಥಾ ಎಲಿರೀ ಅದು?"

"ವಿಲಾಯತಿದು. ಡಿಜಿಟ್ಯಾಲಿಸ್ ಅಂತಾರ," ಎಂದರು ಡಾಕ್ಟರು.

"ಸವಣೂರ ಎಲಿ ತೋಟದಾವಗ ವಿಲಾಯತಿ ಎಲಿ ತಿನಸ್ತೀರಿ? ನಮ್ಮ ಎಲಿ ತಿಂದು ಇನ್ನೂತನಕಾ ಯಾರೂ ಸತ್ತಿಲ್ರಿ."

"ಇದು ಜಾಸ್ತಿ ತಿಂದ್ರ ಸಾಯ್ತಾರ. ಕಡಿಮಿ ತಿಂದ್ರ ಗುಣಾ ಬರೂದಿಲ್ಲ. ಅದಕ್ಕ ನಿಮ್ಮನ್ನ ವಾರಕ್ಕೊಮ್ಮೆ ತೂಗಬೇಕು ಅನ್ನೂದು."

ಡಾಕ್ಟರು ನನಗೆ ಬಿಡಿಸಿ ಹೇಳಿದರು. ಹೃದಯ ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ. ಅದು ಕಣ್ಣಿಗೆ ಬೀಳುವ ಮೊದಲೇ ತೂಕದಲ್ಲಿ ಗೊತ್ತಾಗುತ್ತದೆ. ತೂಕ ಏರಿದರೆ ಔಷಧ ಸಾಲದು, ನೀರು ಇಳಿಸುವ ಸೂಜಿ ಚುಚ್ಚಬೇಕು. ಆ ಸೂಜಿ ಮೂತ್ರಪಿಂಡಕ್ಕೆ ತ್ರಾಸು ಕೊಡುವಂಥದ್ದು, ಸುಮ್ಮಸುಮ್ಮನೆ ಚುಚ್ಚುವ ಹಾಗಿಲ್ಲ. ತೂಕ ಏರದೆ ನಿಂತರೆ ಮಾವನವರು ಸವಣೂರಿಗೆ ಮರಳಬಹುದು. ಅಲ್ಲಿಯವರೆಗೆ ಹಾಸಿಗೆ ಬಿಡಬಾರದು, ಉಪ್ಪು ತಿನ್ನಬಾರದು. ಉಪ್ಪಿಲ್ಲದ ಪಲ್ಯವನ್ನು ಹೆತ್ತ ತಂದೆಯ ತಾಟಿಗೆ ಬಡಿಸುವಾಗ ಗೌರವ್ವ ದಿನಾ ಒಂದಿಷ್ಟು ಅಳುತ್ತಿದ್ದಳು. "ಅಳಬ್ಯಾಡವಾ, ಪಲ್ಯಾ ಉಪ್ಪಾಗತೈತಿ," ಎಂದು ಮಾವನವರು ಅವಳನ್ನು ಸಮಾಧಾನಪಡಿಸುತ್ತಿದ್ದರು.

ತೊಡಕಾದದ್ದು ತಕ್ಕಡಿಯದು. ದವಾಖಾನೆಯ ತೂಕದ ಯಂತ್ರ ಕೆಟ್ಟಿತ್ತು. ಹೊಸದನ್ನು ಮುಂಬಯಿಯಿಂದ ತರಿಸಬೇಕು, ಆದರೆ ಯುದ್ಧದ ಕಾಲ, ಸೂಜಿಮೊಳೆಯೂ ಸಿಕ್ಕುತ್ತಿರಲಿಲ್ಲ. ಕೊನೆಗೆ ಪೇಟೆಯಲ್ಲಿ ಬೆಲ್ಲ ತೂಗುವ ದಲಾಲಿ ಅಂಗಡಿಯೇ ಗತಿಯೆಂದು ಡಾಕ್ಟರೂ ನಾನೂ ಒಪ್ಪಿದೆವು. ಅಂಗಡಿಯ ಮುಂದೆ ಮೂರು ಗಳ ಕಟ್ಟಿ ತೂಗುಹಾಕಿದ ದೊಡ್ಡ ತಕ್ಕಡಿ, ಅದನ್ನು ನಡೆಸುವ ಇಮಾಮಸಾಬ. ಊರಿನ ಭತ್ತ, ಅಡಿಕೆ, ಬೆಲ್ಲಗಳೆಲ್ಲ ಅವನ ಕೈಯಿಂದಲೇ ದಾಟಬೇಕು. ವಾರಕ್ಕೊಮ್ಮೆ ಮಾವನವರನ್ನು ಕಮಾನು ಗಾಡಿಯಲ್ಲಿ ಮಲಗಿಸಿ ಅಲ್ಲಿಗೆ ಒಯ್ಯುವುದು, ತಕ್ಕಡಿಯ ಒಂದು ಹಲಗೆಯ ಮೇಲೆ ಅವರನ್ನು ಕೂಡಿಸುವುದು, ಇನ್ನೊಂದರ ಮೇಲೆ ಇಮಾಮಸಾಬ ಕಬ್ಬಿಣದ ತೂಕದ ಕಲ್ಲು ಏರಿಸುವುದು, ಅವನು ಕೂಗಿದ ತೂಕವನ್ನು ನಾನು ನೆಟ್ಟಗೆ ಹೋಗಿ ಡಾಕ್ಟರಿಗೆ ಒಪ್ಪಿಸುವುದು. ಮೊದಲನೆಯ ಸಲ ಪೇಟೆಯ ಅರ್ಧ ಮಂದಿ ಸುತ್ತ ಸೇರಿದರು.

"ಯಾವ ದೇವರಿಗೆ ಬೇಡಿಕೊಂಡೀರ್ರಿ ಯಜಮಾನರ? ತೂಕಾ ಬೆಲ್ಲದ್ದೋ, ಸಕ್ಕರೀದೋ?" ಎಂದು ಒಬ್ಬ ಹಮಾಲ ಕೇಳಿದ.

"ಸಕ್ಕರಿ ಎಲ್ಲಿ ಸಿಗತೈತೋ ತಮ್ಮಾ ಈಗ? ಮಣ್ಣಿಂದು," ಎಂದರು ಮಾವನವರು ಹಲಗೆಯ ಮೇಲೆ ಪದ್ಮಾಸನ ಹಾಕಿ.

ಇಮಾಮಸಾಬ ನಗಲಿಲ್ಲ. ಅವನು ತೂಕದ ವಿಷಯದಲ್ಲಿ ನಗುವವನಲ್ಲ. "ಮಾಸ್ತರ್ರ, ಇವರಿಗೆ ಆಗೇತಿ ಏನ್ರಿ?" ಎಂದು ಕೇಳಿದ. ನನಗೆ ಅಷ್ಟೇ ಬೇಕಾಗಿತ್ತು. ಒಟ್ಟಿದ ಬೆಲ್ಲದ ಪೆಂಟೆಗಳಿಗೆ ಒರಗಿ ಹೃದಯ, ರಕ್ತ, ನೀರು ಎಂದು ಪಾಠ ಮಾಡಿದೆ. ಮೈಯಲ್ಲಿ ತುಂಬಿದ ನೀರು ಇವರದಲ್ಲ, ಹೊರಗಿನ ಭಾರ, ಅದು ಏರಿದರೆ ಕೇಡು ಎಂದೆಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ಬಾಗಿ, ಮಾವನವರ ಮೊಣಕಾಲ ಕೆಳಗೆ ಹೆಬ್ಬೆರಳಿಟ್ಟು ಒತ್ತಿ ನೋಡಿ, "ತಿಳೀತ್ರಿ," ಎಂದ. ಶಾಲೆಯಲ್ಲಿ ಯಾವ ಹುಡುಗನೂ ನನ್ನ ಪಾಠ ಮುಗಿದ ಮೇಲೆ ಇಷ್ಟು ನಿಚ್ಚಳವಾಗಿ ತಿಳಿಯಿತೆಂದು ಹೇಳಿರಲಿಲ್ಲ. ನಾನು ಹಿಗ್ಗಿದೆ.

ಅಂದಿನಿಂದ ವಾರವಾರವೂ ತೂಕ ಅಷ್ಟಕ್ಕಷ್ಟೇ. ಒಂದು ಸೇರು ಏರಲಿಲ್ಲ, ಒಂದು ಸೇರು ಇಳಿಯಲಿಲ್ಲ. ಡಾಕ್ಟರು ಹುರುಪಾದರು. ಗುಂಪಿನ ಉಳಿದವರೆಲ್ಲ ತಂತಮ್ಮ ಊರಿನ ತಕ್ಕಡಿಯಲ್ಲಿ ಏರುತ್ತಿದ್ದರು, ಇಳಿಯುತ್ತಿದ್ದರು. ತಡಸದ ಒಬ್ಬ ಗೌಡರಂತೂ ಕದ್ದು ಉಪ್ಪಿನಕಾಯಿ ತಿಂದು ಸಿಕ್ಕುಬಿದ್ದಿದ್ದರು. "ನಿಮ್ಮ ಮಾವನವರು ಆದರ್ಶ ರೋಗಿ ನೋಡ್ರಿ ಮಾಸ್ತರ್ರ," ಎಂದು ಡಾಕ್ಟರು ನನ್ನ ಕೈ ಕುಲುಕಿದರು. ಆದರ್ಶ ರೋಗಿಯ ಅಳಿಯನಿಗೆ ಸಲ್ಲುವ ಗೌರವವನ್ನು ನಾನು ಸಂಕೋಚವಿಲ್ಲದೆ ಸ್ವೀಕರಿಸಿದೆ. ಮಾವನವರು ಸವಣೂರಿಗೆ ಹೋದ ಮೇಲೆ ಹೊಸ ಬಳ್ಳಿಯನ್ನು ಎಲ್ಲಿ ಹಬ್ಬಿಸಬೇಕೆಂದು ಹಾಸಿಗೆಯಲ್ಲೇ ಲೆಕ್ಕ ಹಾಕತೊಡಗಿದರು.

ಆದರೆ ಮನೆಯಲ್ಲಿ ಬೇರೆಯೇ ಕಾಣತೊಡಗಿತು. ಒಂದು ದಿಂಬು ಸಾಲದೆ ಎರಡಾದವು, ಆಮೇಲೆ ಹಾಸಿಗೆಯ ಸುರುಳಿಯನ್ನೇ ಬೆನ್ನಿಗೆ ಕೊಡಬೇಕಾಯಿತು. ಚಪ್ಪಲಿಯಲ್ಲಿ ಕಾಲು ಹೋಗಲೊಲ್ಲದು. ಗೌರವ್ವ ನನ್ನನ್ನು ಕರೆದು ತೋರಿಸಿದಳು. "ಅಪ್ಪನ ಕಾಲು ನೋಡ್ರಿ, ಕಂಬ ಆಗ್ಯಾವ."

"ತೂಕ ಏರಿಲ್ಲಲ್ಲ," ಎಂದೆ ನಾನು.

"ತೂಕಾ ಹಾಳಾಗಲಿ. ಮಾತಾಡಾಕ ಉಸರ ಇಲ್ಲ ಅವರ ಕಡೆ."

"ನಿನಗ ಹಂಗ ಕಾಣತದ. ಕಣ್ಣು ಮೋಸ ಮಾಡತದ ಗೌರವ್ವ, ತಕ್ಕಡಿ ಮಾಡೂದಿಲ್ಲ."

ಈ ಮಾತನ್ನು ನಾನು ಆಡಿಲ್ಲವೆಂದು ಬರೆಯುವ ಮನಸ್ಸಾಗಿತ್ತು. ಆದರೆ ಅವಳು ಇದನ್ನು ಅಕ್ಷರ ಬಿಡದಂತೆ ಇಂದಿಗೂ ಒಪ್ಪಿಸುತ್ತಾಳೆ. ಅಂದು ಅವಳು ಸೆರಗು ಹೊದ್ದುಕೊಂಡು ತಾನೇ ದವಾಖಾನೆಗೆ ಹೋದಳು. ಅಲ್ಲಿಯೂ ತೂಕದ ಮಾತೇ ಬಂದಿರಬೇಕು. "ತೂಕದ ಮಾತು ನಮ್ಮನಿಯವರ ಕಡೆ ಆಡ್ರಿ. ನೀವು ನಮ್ಮಪ್ಪನ್ನ ಬಂದು ನೋಡ್ರಿ," ಎಂದು ಅವಳು ಬಾಗಿಲಲ್ಲೇ ನಿಂತಳಂತೆ. ಡಾಕ್ಟರು ಬಂದರು. ಮಾವನವರ ಬೆನ್ನಿಗೆ ನಳಿಗೆಯಿಟ್ಟು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದಿಂದ ಶೋಧ ಇಳಿದುಹೋಗಿ ಬರಿಯ ಡಾಕ್ಟರು ಉಳಿದರು. "ಪುಪ್ಪಸದಾಗ ನೀರು ತುಂಬೇದ. ಇನ್ನ ಸ್ವಲ್ಪ ತಡಾ ಆದ್ರ ಇವರು ಉಳಿಯೂದಿಲ್ಲ," ಎಂದು ನನಗಷ್ಟೇ ಕೇಳುವಂತೆ ಹೇಳಿ, ನಿಂತ ಕಾಲಲ್ಲೇ ಆ ಸೂಜಿ ಚುಚ್ಚಿದರು. "ಈಗ ನಡೀರಿ, ಆ ತಕ್ಕಡಿ ನೋಡೂಣು."

ಪೇಟೆಗೆ ಹೋಗಿ ಅವರು ಮೊದಲು ತಾವೇ ಹಲಗೆ ಏರಿದರು. ತೂಕ ಸರಿಯಾಗಿತ್ತು. ನನ್ನನ್ನು ಏರಿಸಿದರು, ಸರಿಯಾಗಿತ್ತು. "ಹಂಗಾರ ರುದ್ರಪ್ಪನವರನ್ನ ಹೆಂಗ ತೂಗಿದಿ? ಹೇಳು," ಎಂದರು.

"ಎಲ್ಲಾರಂಗ ಕಲ್ಲು ಏರಿಸಿ ತೂಗೇನ್ರಿ ಸಾಹೇಬ್ರ. ಸೂಟು ಕಳದು ತೂಕಾ ಹೇಳೇನ್ರಿ," ಎಂದ ಇಮಾಮಸಾಬ.

"ಸೂಟು?"

ಹಸಿ ಬೆಲ್ಲ ಬಂದರೆ ಪೇಟೆಯಲ್ಲಿ ಅದರ ಪೂರಾ ತೂಕ ಹಿಡಿಯುವುದಿಲ್ಲ. ಒತ್ತಿ ನೋಡಿ, ಹಸಿಗೆ ತಕ್ಕಂತೆ ಇಷ್ಟು ಸೇರು ಎಂದು ಕಳೆದು, ಉಳಿದದ್ದನ್ನು ಕೂಗುತ್ತಾರೆ. ಕಳೆಯುವುದಕ್ಕೆ ಸೂಟು ಎಂದು ಹೆಸರು. ಇದು ಹಾನಗಲ್ಲಿನ ಕೂಸಿಗೂ ಗೊತ್ತು, ಮುಂಬಯಿಯಲ್ಲಿ ಓದಿದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಮಾಸ್ತರ್ರ ಹೇಳಿದ್ರಲ್ರಿ, ಮೈಯಾಗ ನೀರೈತಿ, ನೀರು ಯಜಮಾನರದಲ್ಲ ಅಂತ," ಎಂದ ಇಮಾಮಸಾಬ. "ವಾರಾವಾರಾ ಕಾಲು ಒತ್ತಿ ನೋಡೇನ್ರಿ. ತೆಗ್ಗು ಜಾಸ್ತಿ ಬಿದ್ದಂಗ ಸೂಟು ಜಾಸ್ತಿ ಬಿಟ್ಟೇನಿ. ನೀರನ್ನ ಅವರ ತೂಕದಾಗ ಹಿಡದ್ರ ಅನ್ಯಾಯ ಅಲ್ಲೇನ್ರಿ?"

ಡಾಕ್ಟರು ಭತ್ತದ ಚೀಲದ ಮೇಲೆ ಕುಳಿತುಬಿಟ್ಟರು. "ನನಗ ಬೇಕಾಗಿದ್ದು ಆ ನೀರ ಒಂದ ನೋಡಪಾ," ಎಂದರು. ಇಮಾಮಸಾಬ ನನ್ನತ್ತ ನೋಡಿದ. ಮೋಸ ಮಾಡಿದವನ ನೋಟವಲ್ಲ ಅದು, ಮೋಸಹೋದವನದು. "ಹಂಗಂತ ನನಗ ಯಾರೂ ಹೇಳಲಿಲ್ಲಲ್ರಿ," ಎಂದ. ಖರೆ, ನಾನು ಹೃದಯದ ಕವಾಟಗಳ ಹೆಸರು ಸಹಿತ ಹೇಳಿದ್ದೆ, ಇದೊಂದನ್ನು ಹೇಳಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಸೂಜಿ ಕೆಲಸ ಹಿಡಿದಿತ್ತು. ಮಾವನವರು ತಾಮ್ರದ ಕೊಡದ ಮೇಲೆ ಕೊಡ ಎಂಬಂತೆ ನೀರು ಇಳಿಸಿದರು. ಮರುದಿನವೂ ಇಳಿಸಿದರು. ಹಾಸಿಗೆಯ ಸುರುಳಿ ಹೋಯಿತು, ಎರಡನೆಯ ದಿಂಬು ಹೋಯಿತು. ಗೌರವ್ವ ಅವರ ಮೂಗಿನ ಹತ್ತಿರ ಕೈಯಿಟ್ಟು, ಉಸಿರು ಸರಾಗ ಬರುವುದನ್ನು ನೋಡಿ, ಅಂದು ಮೊದಲನೆಯ ಸಲ, ಅವರಿಗೆ ಸಪ್ಪೆ ತೆಗೆದಿಟ್ಟು, ನಮಗೆಲ್ಲ ಉಪ್ಪು ಹಾಕಿದ ಅಡಿಗೆ ಮಾಡಿದಳು. ಅಲ್ಲಿಯವರೆಗೆ, ತಂದೆ ತಿನ್ನದ್ದನ್ನು ಮನೆಯವರು ಯಾಕೆ ತಿನ್ನಬೇಕೆಂದು, ಎಲ್ಲರಿಗೂ ಸಪ್ಪೆಯೇ ಇತ್ತು. ಇದನ್ನು ನಾನು ಮೇಲೆ ಹೇಳಲಿಲ್ಲ. ಹೇಳಿದ್ದರೆ ನೀವು ಮಾವನವರನ್ನು ಬಿಟ್ಟು ನನ್ನ ಮೇಲೆ ಮರುಕಪಡುತ್ತಿದ್ದಿರಿ.

ಮುಂದೆ ಡಾಕ್ಟರು ತೂಕವನ್ನು ಸೂಟಿಲ್ಲದೆ, ತಾವೇ ನಿಂತು ನೋಡತೊಡಗಿದರು. ಕೆಲವು ವಾರಗಳಲ್ಲಿ ಮಾವನವರಿಗೆ ಊರಿಗೆ ಹೋಗುವ ಅಪ್ಪಣೆ ಸಿಕ್ಕಿತು. ಹೊರಡುವ ದಿನ ಡಾಕ್ಟರು ತಲೆ ತುರಿಸಿಕೊಳ್ಳುತ್ತ, "ಮುಂಬಯಿಯಾಗ ಓದಿ ಹೇಳೂ ರೋಗಿಗಳ ಗುಂಪಿನಾಗಿಂದ ನಿಮ್ಮನ್ನ ಬಿಟ್ಟೇನ್ರಿ ಯಜಮಾನರ. ನಿಮ್ಮ ತೂಕಾ ನಂಬಾಕ ಬರೂದಿಲ್ಲ," ಎಂದರು. ಸಾವಿನ ಬಾಗಿಲಿಗೆ ಹೋಗಿ ಬಂದಾಗಲೂ ಸಿಟ್ಟಾಗದಿದ್ದ ಮನುಷ್ಯ ಈಗ ಸಿಟ್ಟಾದರು. "ತಡಸದ ಗೌಡಗ ಇದ್ದದ್ದು ಹೃದಯ, ನನಗಿದ್ದದ್ದೇನು ಬದನಿಕಾಯೇನ್ರಿ? ಉಪ್ಪಿನಕಾಯಿ ತಿಂದಾವನ ಹೆಸರು ಮುಂಬಯಿತನಕಾ ಹೋಕ್ಕೈತಿ, ಸಪ್ಪನ್ನ ತಿಂದಾವನ ಹೆಸರು ಇಲ್ಲ!" ಬಸ್ಸು ಹತ್ತುವವರೆಗೂ ಅದೇ ಮಾತು. ಅವರ ಜೊತೆ ಗೌರವ್ವನೂ ಸವಣೂರಿಗೆ ಹೋದಳು.

ಅವರ ಅಸಮಾಧಾನ ಇಳಿಯಲೆಂದೇ ನಾನು ಈ ಪ್ರಬಂಧ ಬರೆದದ್ದು. ಮುಂಬಯಿಯಲ್ಲಿ ಓದದಿದ್ದರೆ ಏನಾಯಿತು, ಮಾಸಪತ್ರಿಕೆಯಲ್ಲಿ ಓದುತ್ತಾರೆ. ರಜೆಯಲ್ಲಿ ಸವಣೂರಿಗೆ ಹೋಗಿ, ಅವರ ಮುಂದೆ ಕುಳಿತು, ಬಸ್ಸು ಹತ್ತುವವರೆಗಿನ ಇದಿಷ್ಟನ್ನೂ ಓದಿದೆ. ಅವರು ಎಲೆ ಮಡಿಚುತ್ತ ಕೇಳಿದರು. ತಕ್ಕಡಿಯ ಪ್ರಸಂಗಕ್ಕೆ ನಕ್ಕರು. ತಮ್ಮ ಬದನೆಕಾಯಿಯ ಮಾತಿಗಂತೂ ತಾವೇ ತೊಡೆ ತಟ್ಟಿಕೊಂಡರು. ಆಮೇಲೆ ಮಡಿಚಿದ ಎಲೆಯನ್ನು ಕೆಳಗಿಟ್ಟರು.

"ಛಲೋ ಬರದೀರಿ ಅಳ್ಯಾಂದಿರ. ಎಲ್ಲಾ ಬಂದೈತಿ. ಆದ್ರ ನಾನು ರಾತ್ರೆಲ್ಲಾ ಗ್ವಾಡಿ ಹಿಡಕೊಂಡು, ಉಸರ ಸಿಗದ, ಇನ್ನ ಸತ್ತೆ ಅಂತ ಕುಂದರತಿದ್ನಲ್ಲ, ಮಗಳು ಬೀಸಣಿಗಿ ಹಿಡಕೊಂಡು ಬಾಜೂಕ ಕುಂದರತಿದ್ಲು, ಅದು ಎಲ್ಲೈತ್ರಿ ಇದರಾಗ?"

ನಾನು ಹಾಳೆಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಎಲ್ಲಿಯೂ ಇರಲಿಲ್ಲ. ದಿಂಬುಗಳಿದ್ದವು, ಚಪ್ಪಲಿಯಿತ್ತು, ಮಳೆಯ ವಿಷಯ ಕೂಡ ಇತ್ತು.

"ಅದನ್ನ ಅವರು ಹೆಂಗ ಬರೀತಾರಪ್ಪಾ?" ಎಂದಳು ಗೌರವ್ವ ಒಳಗಿನಿಂದ. "ತೂಕಾ ಸರಿ ಐತೆಂತ ಅವರು ಪಡಸಾಲ್ಯಾಗ ಗೊರಕಿ ಹೊಡ್ಯಾಕತ್ತಿದ್ರು."

ಗೊರಕೆ ಹೊಡೆದದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಆದುದರಿಂದ ಈ ಪ್ರಬಂಧದಲ್ಲಿ ಅದೊಂದು ಮಾತು ಮಾತ್ರ ಪೂರ್ತಿ ನಿಜವಿರಬೇಕು.